ನಲವತ್ತೆರಡು ಹೆಜ್ಜೆಯ ಗೋಡೆ

ಬೆಳಗ್ಗೆ ಎಂಟಕ್ಕೆ ನನ್ನ ಗಂಡ ಲೌರೆನ್ಸ್ ಕಾಳಿನ ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು ಮೆಟ್ಟಿಲಿಳಿಯುತ್ತಿದ್ದ. ಅವನ ಕಣ್ಣು ಪೂರ್ತಿ ಹೋಗಿ ಒಂಬತ್ತು ವರ್ಷವಾಗಿತ್ತು. ರೋಟರ್‌ಡ್ಯಾಮಿನ ನಮ್ಮ ವಠಾರದ ಒಳಅಂಗಳದಲ್ಲಿ, ಬಾಗಿಲಿನಿಂದ ಪಾರಿವಾಳದ ಗೂಡಿನವರೆಗೆ, ಮೊಣಕಾಲೆತ್ತರದ ಇಟ್ಟಿಗೆ ಗೋಡೆಯಿತ್ತು. ಅದಕ್ಕೆ ಕೋಲು ತಾಗಿಸುತ್ತ ನಡೆದರೆ ನಲವತ್ತೆರಡು ಹೆಜ್ಜೆ. ಯಾರ ತೋಳೂ ಬೇಕಿರಲಿಲ್ಲ. ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತ ನಾನು ಆ ಟಕ್ ಟಕ್ ಸದ್ದು ಕೇಳುತ್ತಿದ್ದೆ. ಸದ್ದು ನಿಂತು ರೆಕ್ಕೆಗಳ ಗದ್ದಲ ಎದ್ದರೆ ಗಂಡ ತಲುಪಿದನೆಂದು ತಿಳಿದು ಕಾಫಿಗೆ ನೀರಿಡುತ್ತಿದ್ದೆ.

ನಮ್ಮ ಊರಿನಲ್ಲೊಂದು ಪದ್ಧತಿಯಿದೆ. ಏನನ್ನಾದರೂ ಕೆಡವುವ ಮೊದಲು ಜನರನ್ನು ಕೂರಿಸಿ ಕೇಳುತ್ತಾರೆ. ಒಂದು ಲೋಟ ಕಾಫಿ ಕೊಡುತ್ತಾರೆ, ಒಂದೇ ಒಂದು ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚುತ್ತಾರೆ. ಆಮೇಲೆ ಹಳದಿ ಚೀಟಿ ಹಂಚುತ್ತಾರೆ. ನಾವು ನಮಗೆ ಬೇಕಾದ್ದನ್ನು ಬರೆದು ಸಭೆಯ ಕೋಣೆಯ ಗೋಡೆಗೆ ಅಂಟಿಸುತ್ತೇವೆ, ಹಗುರಾಗಿ ಮನೆಗೆ ಹೋಗುತ್ತೇವೆ. ಇದನ್ನು ಅಭಿಪ್ರಾಯ ಸಭೆ ಎನ್ನುತ್ತಾರೆ. ಇದರ ಹೆಸರಿನಲ್ಲಿ ಎಷ್ಟು ಅಂಗಳಗಳು, ಎಷ್ಟು ಕಟ್ಟೆಗಳು ಹೋಗಿವೆಯೋ ಲೆಕ್ಕವಿಟ್ಟವರಿಲ್ಲ.

ಕಳೆದ ಏಪ್ರಿಲಿನಲ್ಲಿ, ನಮಗೆ ಮನೆ ಬಾಡಿಗೆಗೆ ಕೊಟ್ಟಿರುವ ವಸತಿ ಸಂಘ ಅಂಗಳವನ್ನು ಹೊಸದಾಗಿಸುತ್ತೇವೆಂದು ನಮಗೂ ಸಭೆ ಕರೆಯಿತು. ಲೌರೆನ್ಸ್ ಹೋಗಲೊಲ್ಲೆ ಎಂದ. "ಅವ್ರು ಕೇಳೋದು ನಮ್ಮ ಬಾಯಿ ಮುಚ್ಚಿಸೋಕೆ ಕಣೇ ಕೋಬಾ."

"ನೀನು ಹೇಳದೇ ಹೋದ್ರೆ ಅವ್ರಿಗೆ ಹೇಗೆ ಗೊತ್ತಾಗತ್ತೆ ಮಾರಾಯ?" ಎಂದು ನಾನೇ ಅವನಿಗೆ ಕೋಟು ತೊಡಿಸಿದೆ. ಇದನ್ನು ಮರೆಯಲಾರೆ. ಅಂದು ಬರಲೊಲ್ಲೆನೆಂದ ಹದಿನಾಲ್ಕು ಮನೆಗಳ ಬಾಗಿಲು ಬಡಿದು ಕರೆತಂದವಳೂ ನಾನೇ.

ಸಭೆಯಲ್ಲಿ ಲೌರೆನ್ಸ್ ಗೋಡೆ ಉಳಿಸಿ ಎಂದಷ್ಟೇ ಕೇಳಿದ. ಹೊಸ ಅಂಗಳದ ವಿನ್ಯಾಸ ಮಾಡುವ ಹುಡುಗಿಯ ಹೆಸರು ಮಾರ್ಲೀಸ್. ಒಳ್ಳೆಯ ಹುಡುಗಿ, ನನ್ನ ಸಿಟ್ಟಿಗೆ ಅದೇ ಕಾರಣ. ಸಭೆಯ ಮರುದಿನ ನಮ್ಮ ಅಡುಗೆಮನೆಯಲ್ಲಿ ಕೂತು ಗಟ್ಟಿ ಬಟಾಣಿ ಸೂಪನ್ನು ಎರಡು ಬಟ್ಟಲು ತಿಂದಳು. ನಂತರ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಲೌರೆನ್ಸನ ಕೋಲು ಹಿಡಿದು ಗೋಡೆಗುಂಟ ನಡೆದಳು. ಗೂಡು ಕೈಗೆ ಸಿಕ್ಕಾಗ ಅತ್ತುಬಿಟ್ಟಳು. ಅವಳ ಜೊತೆ ಸಂಘದಿಂದ ಬಂದವನು ಫೋಟೊ ತೆಗೆದ.

"ಈ ಗೋಡೆ ನಿಮ್ಮ ಕಣ್ಣು," ಎಂದಳು.

"ಕಣ್ಣಲ್ಲಮ್ಮ, ಗೋಡೆ," ಎಂದ ಲೌರೆನ್ಸ್. "ಇದ್ರೆ ಸಾಕು."

ಆ ರಾತ್ರಿ ಅವನೇ ನನಗೆ ಹೇಳಿದ: "ಈ ಸಲ ನೀನೇ ಸರಿ ಅನ್ಸತ್ತೆ."

ಜೂನ್‌ನಲ್ಲಿ ಸಭೆಯ ವರದಿ ಬಂತು. 'ನಿವಾಸಿಗಳ ಬೇಡಿಕೆಗಳು' ಎಂಬ ಪುಟವನ್ನು ನಾನು ಗಟ್ಟಿಯಾಗಿ ಓದಿದೆ. ಮೊದಲನೆಯದು, ಅಡೆತಡೆಯಿಲ್ಲದ ಸಮತಟ್ಟು ನೆಲ. ಎರಡನೆಯದು, ಎತ್ತರದ ಹುಲ್ಲು. ಮೂರನೆಯದು, ದೋಣಿ ಕಟ್ಟಲು ಇನ್ನೆರಡು ಗೂಟ.

"ದೋಣಿನಾ?" ಲೌರೆನ್ಸ್ ನಕ್ಕ. "ಪಕ್ಕದ್ಮನೆ ಟೂನಿಸ್ ಸೈಕಲ್ ತೊಳೆಯೋವಾಗ ಬಿಟ್ರೆ ನಮ್ಮ ಅಂಗಳದಲ್ಲಿ ನೀರೆಲ್ಲಿದೆಯೇ?" ಆಮೇಲೆ ನಗು ನಿಂತಿತು. "ಗೋಡೆ ಬಗ್ಗೆ ಏನಿದೆ, ಓದು."

ಪುಟ ತಿರುಗಿಸಿದೆ. ಮತ್ತೆ ಹಿಂದಕ್ಕೆ ತಿರುಗಿಸಿದೆ. ಏನೂ ಇರಲಿಲ್ಲ.

ವರದಿ ಹಿಡಿದು ಮಾರ್ಲೀಸಳ ಕಚೇರಿಗೆ ಹೋದೆ. ನಾಚಿಕೆಯಿಂದ ಅವಳ ಮುಖ ಕೆಂಪಾಯಿತು. "ಕಾಲುವೆ ಪಕ್ಕದ ಇನ್ನೊಂದು ವಠಾರದ ಬೇಡಿಕೆಗಳನ್ನೇ ಹಾಕಿಬಿಟ್ಟಿದಾರೆ. ದೋಣಿ ಸಾಲು ತೆಗೆಸ್ತೀನಿ."

"ನಮ್ಮ ಅಂಗಳದ ನಕ್ಷೆ ಯಾವಾಗ ಮುಗೀತು?"

"ಫೆಬ್ರವರಿಲಿ."

"ನೀನು ನಮ್ಮನೇಲಿ ಸೂಪ್ ತಿಂದಿದ್ದು ಏಪ್ರಿಲ್‌ನಲ್ಲಿ. ಯಾಕಮ್ಮ ಬಂದೆ?"

ಅವಳು ವರದಿ ಮಡಚಿ ನನ್ನ ಕೈಗೆ ಕೊಟ್ಟಳು. "ಜನರನ್ನ ಕೇಳಿದೀವಿ ಅನ್ನೋ ಪುಟ ಇಲ್ದಿದ್ರೆ ಸಂಘದಲ್ಲಿ ಕಡತ ಮುಂದಕ್ಕೆ ಹೋಗಲ್ಲ ಕೋಬಾ ಅವರೇ."

ನಮ್ಮ ನಿವಾಸಿ ಸಮಿತಿಯ ಅಧ್ಯಕ್ಷ ಟೂನಿಸ್‌ಗೆ ಎಪ್ಪತ್ತೊಂಬತ್ತು ವರ್ಷ. ಇಪ್ಪತ್ತಾರು ವರ್ಷದಿಂದ ಪ್ರತಿ ಸಭೆಯ ಬಿಸ್ಕತ್ತು ಡಬ್ಬಿ ಅವನದೇ. ಅವನ ಬಳಿ ಹೋದೆ.

"ಕೇಳಿದ್ರಲ್ಲ, ಅದೇ ದೊಡ್ಡದು," ಎಂದ. "ನಮ್ಮಪ್ಪನ ಕಾಲದಲ್ಲಿ ಕೇಳ್ತಾನೇ ಇರ್ಲಿಲ್ಲ. ಒಬ್ಬನಿಗೋಸ್ಕರ ಗೋಡೆ ಉಳಿಸು ಅಂದ್ರೆ ಹೇಗೆ? ನಾಳೆ ಇನ್ನೊಬ್ಬ ಛಾವಣಿ ಕೇಳ್ತಾನೆ."

"ಇಲ್ಲ ಅಂತ ಮುಖಕ್ಕೆ ಹೇಳಿದ್ರೆ ಜಗಳ ಆಡ್ತಿದ್ದೆ ಟೂನಿಸ್. ವಕೀಲರನ್ನ ಹುಡುಕ್ತಿದ್ದೆ. ಇವರು ಹೂಂ ಅಂತ ತಲೆದೂಗಿ ನಮ್ಮ ಜಗಳಾನೂ ಕಸ್ಕೊಂಡ್ರು. ಕೇಳದೇ ಇದ್ದವ್ರಿಗಿಂತ ಇದು ಕೆಟ್ಟದಲ್ವಾ?"

"ನಿನಗೆ ಓದಿದ್ದು ಜಾಸ್ತಿಯಾಯ್ತು," ಎಂದು ಅವನು ಬಾಗಿಲು ಹಾಕಿಕೊಂಡ.

ಗೋಡೆ ಒಂದೇ ಮಧ್ಯಾಹ್ನದಲ್ಲಿ ಹೋಯಿತು. ನುಣುಪಾದ ಬೂದು ಕಲ್ಲು ಹಾಸಿದರು, ನೋಡಲು ಚೆಂದವಾಗಿತ್ತು. ಮೊದಲ ದಿನ ಲೌರೆನ್ಸ್ ಡಬ್ಬಿ ಹಿಡಿದು ಇಳಿದ. ಟಕ್ ಟಕ್ ಸದ್ದು ಬರಲಿಲ್ಲ. ಕೋಲು ನೆಲ ಸವರುವ ಸದ್ದಷ್ಟೇ ಬಂತು. ರೆಕ್ಕೆಗಳ ಗದ್ದಲವೂ ಏಳಲಿಲ್ಲ. ಓಡಿಹೋದೆ. ಅಂಗಳದ ಇನ್ನೊಂದು ಮೂಲೆಯಲ್ಲಿ, ಬಿದ್ದ ಸೈಕಲ್ಲುಗಳ ನಡುವೆ, ಅಂಗೈಯಿಂದ ರಕ್ತ ಸುರಿಸುತ್ತ ನಿಂತಿದ್ದ. ಕಾಳೆಲ್ಲ ಚೆಲ್ಲಿತ್ತು. ಯಾರನ್ನೂ ಕೂಗಿರಲಿಲ್ಲ.

"ನನ್ನ ಅಂಗಳದಲ್ಲಿ ನಾನೆಲ್ಲಿದೀನಿ, ಹೇಳೇ," ಎಂದ.

ಆಮೇಲೆ ಅವನು ಕೆಳಗಿಳಿಯಲಿಲ್ಲ. ಪಾರಿವಾಳಗಳಿಗೆ ನಾನೇ ಕಾಳು ಹಾಕಿದೆ. ಅವನು ಕಿಟಕಿಯ ಬಳಿ ಕೂತು ಕೇಳುತ್ತಿದ್ದ.

ಸೆಪ್ಟೆಂಬರಿನಲ್ಲಿ ಉದ್ಘಾಟನೆ. ಅಂದು ಮಾತ್ರ ಲೌರೆನ್ಸ್ ತಾನೂ ಬರುವೆನೆಂದು ನನ್ನ ತೋಳು ಹಿಡಿದು ಇಳಿದ. ಬಾಗಿಲ ಬಳಿ ಹೊಸ ಫಲಕವಿತ್ತು. ಕುರುಡರಿಗೆಂದು ಉಬ್ಬಿದ ಚುಕ್ಕೆಗಳಲ್ಲಿಯೂ ಬರೆಸಿದ್ದರು. ಸಂಘದ ಅಧಿಕಾರಿ ಭಾಷಣ ಮಾಡುತ್ತಿದ್ದಂತೆ ಲೌರೆನ್ಸ್ ಬೆರಳಾಡಿಸಿ ಗಟ್ಟಿಯಾಗಿ ಓದತೊಡಗಿದ. 'ನಿವಾಸಿಗಳೊಡನೆ ಕೂಡಿ ರೂಪಿಸಿದ ಅಂಗಳ. ನಮಗೆ ದಾರಿ ತೋರಿದವರು ಲೌರೆನ್ಸ್ ಫರ್ಹಾಗೆನ್.'

ಭಾಷಣ ನಿಂತಿತು.

"ನನ್ನ ಹೆಸರು ತೆಗೀರಿ," ಎಂದ.

"ಅದು ಗೌರವಕ್ಕೆ ಹಾಕಿದ್ದು ಸರ್," ಎಂದ ಅಧಿಕಾರಿ.

"ಗೋಡೆ ಕಿತ್ಕೊಂಡ್ರಿ, ಆಯ್ತು. ನಾನೇ ಕೀಳಿಸ್ದೆ ಅಂತ ಬರೆಸ್ಕೊಳ್ಳೋಕೆ ನಾನು ಒಪ್ಪಲ್ಲ. ತೆಗೆಯೋವರೆಗೂ ಇಲ್ಲೇ ನಿಂತಿರ್ತೀನಿ. ನನಗೆ ಬೇರೆಲ್ಲಿಗೂ ಹೋಗೋಕಾಗಲ್ಲವಲ್ಲ."

ಮಾರ್ಲೀಸ್ ತಲೆ ತಗ್ಗಿಸಿದಳು. ನಾನು ಹೋಗಿ ಗಂಡನ ಪಕ್ಕ ನಿಂತೆ. ಅಂದು ನಾನು ಬಾಗಿಲು ಬಡಿದು ಕರೆತಂದಿದ್ದವರು ಒಬ್ಬೊಬ್ಬರಾಗಿ ಬಂದು ನಮ್ಮ ಹಿಂದೆ ನಿಂತರು. ಟೂನಿಸ್ ಮನೆಯೊಳಗೆ ಹೋದ. ಹೊರಬಂದಾಗ ಕೈಯಲ್ಲಿ ಬಿಸ್ಕತ್ತು ಡಬ್ಬಿಯಿರಲಿಲ್ಲ, ಸ್ಕ್ರೂಡ್ರೈವರ್ ಇತ್ತು.

"ಅನುಮತಿ ಇಲ್ದೆ ಮುಟ್ಟಬೇಡಿ," ಎಂದ ಅಧಿಕಾರಿ.

"ಗುರುವಾರ ಅಭಿಪ್ರಾಯ ಸಭೆ ಕರೀತೀವಿ ಸ್ವಾಮಿ, ನೀವೂ ಬನ್ನಿ," ಎಂದ ಟೂನಿಸ್, ಮೂರನೆಯ ತಿರುಪು ಕಳಚಿ ಅಂಗೈಗೆ ಹಾಕಿಕೊಳ್ಳುತ್ತ. "ಹಳದಿ ಚೀಟಿ ಕೊಡ್ತೀವಿ."

ಫಲಕ ಇಳಿಯಿತು. ಲೌರೆನ್ಸ್ ಗೂಡಿನ ಕಡೆ ಮುಖ ತಿರುಗಿಸಿದ, ಕೋಲು ಚಾಚಿದ. ಕೋಲಿಗೆ ಏನೂ ತಾಗಲಿಲ್ಲ. ಆಗ ಅವನು ನನ್ನ ತೋಳಿಗಾಗಿ ತಡಕಾಡಿದ.