ತಜ್ಞರು ಕೂರುವ ಸೋಫಾ

ಮಾತು ಬಾಯಿಂದ ಬರುತ್ತದೆ ಎಂದು ನೀವು ನಂಬಿಕೊಂಡಿದ್ದರೆ ಅದು ನಿಮ್ಮ ತಪ್ಪಲ್ಲ. ನೀವು ಸೋಫಾ ರಿಪೇರಿ ಮಾಡಿದವರಲ್ಲ. ಮಾತು ಬರುವುದು ಕೂತ ಜಾಗದಿಂದ. ಇದನ್ನು ಕಂಡುಹಿಡಿದವನು ನಾನು. ನನಗಿಂತ ಮೊದಲು ಬೇರೆ ಯಾರಾದರೂ ಕಂಡುಹಿಡಿದಿದ್ದರೆ ಅವರು ಬಾಯಿ ಮುಚ್ಚಿಕೊಂಡಿದ್ದಾರೆ, ಆದ್ದರಿಂದ ಅವರು ಲೆಕ್ಕಕ್ಕಿಲ್ಲ.

ನನ್ನ ಕೈಗುಣ ಗೊತ್ತಿಲ್ಲದವರಿಗಾಗಿ ಎರಡು ಮಾತು. ನಾನು ಬಿಗಿದ ಸೋಫಾದಿಂದ ಏಳಲು ಮನಸ್ಸಾಗದೆ ಒಬ್ಬ ವಕೀಲ ಗೆಲ್ಲುವ ಕೇಸು ಸೋತಿದ್ದಾನೆ. ನಾನು ಹೊಲಿದ ದಿಂಬಿನ ಮೇಲೆ ಮಲಗಿದ ಬೆಕ್ಕುಗಳು ಇಲಿ ಹಿಡಿಯುವುದನ್ನೇ ಬಿಟ್ಟಿವೆ. ಕೆಲಸ ಮಾಡುವಾಗ ಮೊಳೆಗಳನ್ನು ತುಟಿಯ ನಡುವೆ ಕಚ್ಚಿಕೊಂಡಿರುತ್ತೇನೆ, ಒಂದೊಂದಾಗಿ ತೆಗೆದು ಹೊಡೆಯುತ್ತೇನೆ. ಜೀವನದಲ್ಲಿ ನಾನು ಸುಮ್ಮನಿರುವುದು ಆ ಹೊತ್ತು ಮಾತ್ರ ಎಂದು ನನ್ನ ಅಕ್ಕ ಹೇಳುತ್ತಾಳೆ. ಅಕ್ಕನಿಗೆ ಉತ್ಪ್ರೇಕ್ಷೆ ಮಾಡುವ ಚಾಳಿ ಇದೆ. ನಮ್ಮ ಮನೆಯಲ್ಲಿ ಆ ಚಾಳಿ ಇರುವುದು ಅವಳೊಬ್ಬಳಿಗೇ.

ಫುಟ್‌ಬಾಲ್ ಇರುವ ಸಂಜೆ ನನ್ನ ಅಂಗಡಿ ತುಂಬಿ ತುಳುಕುತ್ತದೆ. ಯಾರೋ ಗಿರಾಕಿಯ ಕೈಯಿಲ್ಲದ ಕುರ್ಚಿ, ಇನ್ನಾರದೋ ಹೊಟ್ಟೆ ಬಗೆದ ದಿವಾನ್ ಮಂಚ, ಸಿಕ್ಕಿದ್ದರ ಮೇಲೆ ಜನ ಕೂರುತ್ತಾರೆ. ಮೊದಲ ಸಾಲಿನಲ್ಲಿ ಬಸ್ ಕಂಡಕ್ಟರ್. ಅವನಿಗೆ ನಾವಿಟ್ಟ ಹೆಸರು ಆಫ್‌ಸೈಡ್. ಚೆಂಡು ಗ್ಯಾಲರಿಯಲ್ಲಿದ್ದರೂ ‘ಆಫ್‌ಸೈಡ್!’ ಎಂದು ಕೂಗುವವನು. ಪಕ್ಕದಲ್ಲಿ ಎದುರುಗಡೆಯ ಔಷಧಿ ಅಂಗಡಿಯ ಮೇಡಂ, ಬಿದ್ದು ಹೊರಳಾಡುವ ಆಟಗಾರರಿಗೆ ಕೂತಲ್ಲಿಂದಲೇ ಮಾತ್ರೆ ಬರೆಯುವವರು. ಮೂಲೆಯಲ್ಲಿ ನನ್ನ ಹತ್ಯಾರದ ಮರದ ಪೆಟ್ಟಿಗೆಯ ಮೇಲೆ ಭಾವ.

ಭಾವ ಅಂದರೆ ಅಕ್ಕನ ಗಂಡ. ಹರೆಯದಲ್ಲಿ ಊರ ತಂಡದ ಲೆಫ್ಟ್ ಬ್ಯಾಕ್. ಅವರು ಒದ್ದ ಚೆಂಡು ಒಮ್ಮೆ ಮೋಡದೊಳಗೆ ಹೋಗಿ ಒದ್ದೆಯಾಗಿ ವಾಪಸ್ ಬಂದದ್ದನ್ನು ಕಣ್ಣಾರೆ ಕಂಡವನು ನಾನು. ಆಮೇಲೆ ನೀರು ಸರಬರಾಜಿನ ಪಂಪ್ ಹೌಸಿನಲ್ಲಿ ಕೆಲಸ, ಈಗ ನಿವೃತ್ತಿ. ಮಾತು ಮಾತ್ರ ಬಹಳ ಕಡಿಮೆ.

ನಮ್ಮ ಅಂಗಡಿಗೆ ಒಂದು ಪದ್ಧತಿ. ಹಾಫ್ ಟೈಮ್ ಆಗಿ, ಕೋಟು ಹಾಕಿದ ತಜ್ಞರು ತೆರೆಯ ಮೇಲೆ ಬಂದರೋ ಇಲ್ಲವೋ, ನಾನು ಟೀವಿಯ ಸದ್ದು ಬಂದ್ ಮಾಡುತ್ತೇನೆ. ಅವರು ಮೀನಿನ ಹಾಗೆ ಬಾಯಿ ಆಡಿಸುತ್ತಿರುತ್ತಾರೆ, ಮಾತು ನನ್ನದು. ಆಟ ಹಾಳಾದ ಬಗೆ, ಗೋಲ್ ಕೀಪರ್ ತನ್ನ ಪಕ್ಕದವನಿಗೇ ಚೆಂಡು ದಾಟಿಸುವ ನಾಚಿಕೆಗೇಡು, ರೆಫ್ರಿ ಓಡಿಹೋಗಿ ಟೀವಿ ನೋಡಿಬಂದು ತೀರ್ಪು ಕೊಡುವ ಅವಸ್ಥೆ. ಮುಗಿಸಿ ಭಾವನ ಕಡೆ ತಿರುಗುತ್ತೇನೆ. ಭಾವ ‘ಹೂಂ’ ಅನ್ನುತ್ತಾರೆ. ಆಡಿ ಬಂದವರ ‘ಹೂಂ’ ಅದು. ಅದರ ಮೇಲೆ ಅಪೀಲಿಲ್ಲ.

ಹೀಗಿರುವಾಗ ನಮ್ಮೂರಿನ ಟೀವಿ ಚಾನೆಲ್ಲಿನವರು ಭಾವನನ್ನೇ ತಜ್ಞರಾಗಿ ಕರೆದರು.

ಅಂಗಡಿಯಲ್ಲಿ ಹಬ್ಬ. ಮೊಟ್ಟಮೊದಲ ಸಲ ಹಾಫ್ ಟೈಮಿನಲ್ಲಿ ಸದ್ದು ಇಟ್ಟೆವು, ಅದೂ ಗಾಜು ನಡುಗುವಷ್ಟು. ನಿರೂಪಕ ಕೇಳಿದ, “ಸರ್, ಮೊದಲರ್ಧ ಹೇಗಿತ್ತು?”

ಭಾವ ಸೋಫಾದೊಳಗಿಂದ, “ಖಂಡಿತ. ಎರಡೂ ತಂಡ ಚೆನ್ನಾಗಿ ಆಡ್ತಿವೆ.”

“ಎರಡನೇ ಅರ್ಧದಲ್ಲಿ?”

“ಯಾರು ಗೋಲು ಹೊಡೀತಾರೋ ಅವರು ಗೆಲ್ಲಬಹುದು.”

ಅಂಗಡಿಯಲ್ಲಿ ಸೂಜಿ ಬಿದ್ದರೂ ಕೇಳುತ್ತಿತ್ತು. ನನ್ನದು ದಬ್ಬಣ, ಅದು ಬಿದ್ದೇಬಿಟ್ಟಿತು.

ಮುಂದಿನ ವಾರವೂ ಅದೇ ರಾಗ. ಇದು ಹೇಗೆ ಸಾಧ್ಯ? ಅದೇ ತಲೆ, ಅದೇ ನಾಲಿಗೆ, ಅಂಥ ಆಟ ಆಡಿದ ಕಾಲು. ಅಲ್ಲಿ ಹೋಗಿ ಕೂತ ಕೂಡಲೇ ಎಲ್ಲ ತಜ್ಞರ ಹಾಗೆ ಯಾಕೆ ಆಗಬೇಕು? ನನ್ನ ತಲೆಯೊಳಗೆ ಕುತೂಹಲದ ಹುಳ ಬಿಟ್ಟ ಹಾಗಾಯಿತು. ಆಫ್‌ಸೈಡ್‌ನಿಗೆ ಕುತೂಹಲವೂ ಇಲ್ಲ, ಮಣ್ಣೂ ಇಲ್ಲ. ಮರುದಿನ ಕುರ್ಚಿ ಹತ್ತಿ, “ಖಂಡಿತ! ಚೆಂಡು ಗುಂಡಗಿದೆ! ಹುಲ್ಲು ಹಸಿರಾಗಿದೆ!” ಎಂದು ಭಾವನ ಹಾಗೆ ಮಾಡಿ ತೋರಿಸಿದ. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ನಗುತ್ತಾ ತಿರುಗಿದರೆ ಬಾಗಿಲಲ್ಲಿ ಭಾವ. ಚಪ್ಪಲಿ ಬಿಡಲೇ ಇಲ್ಲ, ಹಾಗೇ ಹೊರಟುಹೋದರು. ಆಮೇಲೆ ಅಂಗಡಿಯ ಕಡೆ ತಲೆ ಹಾಕಲಿಲ್ಲ.

ಒಂದು ಬೆಳಿಗ್ಗೆ ಅಕ್ಕ ಬಂದಳು. ಕೂರು ಎಂದರೆ ಕೂರಲಿಲ್ಲ.

“ಲೋ, ಈ ಶನಿವಾರದ ಮ್ಯಾಚ್ ನೋಡಿ ಇವರನ್ನ ಇಟ್ಕೊಳ್ಳೋದೋ ಬಿಡೋದೋ ಅಂತ ತೀರ್ಮಾನ ಮಾಡ್ತಾರಂತೆ. ಜನ ಫೋನ್ ಮಾಡಿ ಬೈತಿದಾರಂತೆ, ಈ ಮನುಷ್ಯ ಏನೂ ಹೇಳಲ್ಲ ಅಂತ.”

“ಹೋದ್ರೆ ಹೋಗ್ಲಿ ಬಿಡಕ್ಕ. ಆ ಕೋಟಿನ ಸಹವಾಸ ನಮಗ್ಯಾಕೆ?”

“ಹೋಗ್ಲಿ ಅಂತೀಯಾ? ಕೆಲಸ ಬಿಟ್ಟ ಮೇಲೆ ಇವರು ಗೋಡೆ ನೋಡ್ಕೊಂಡು ಕೂತಿರ್ತಿದ್ರು ಕಣೋ. ಚಾನೆಲ್ಲಿನವರು ಕರೆದ ದಿನ ತಾವೇ ಶರ್ಟು ಇಸ್ತ್ರಿ ಮಾಡ್ಕೊಂಡು ಶಿಳ್ಳೆ ಹೊಡೆದ್ರು. ಮದುವೆಯಾದಾಗಿಂದ ನಾನು ಇವರ ಶಿಳ್ಳೆ ಕೇಳಿರ್ಲಿಲ್ಲ. ಈಗ ಮತ್ತೆ ಗೋಡೆ. ನಿಮ್ಮ ಅಂಗಡೀಗೂ ಬರಲ್ಲ. ಯಾಕೆ ಅಂದ್ರೆ ಹೇಳಲ್ಲ. ನೀವೇನಾದ್ರೂ ಅಂದ್ರಾ?”

“ನಾವಾ? ನಾವು ಅವರನ್ನ ತಲೆ ಮೇಲೆ ಹೊತ್ಕೊಂಡು ಕುಣೀತೀವಿ!”

“ಏನಾದ್ರೂ ಮಾಡು” ಎಂದು ಹೇಳಿ ಅಕ್ಕ ಹೋದಳು. ಆ ಶಿಳ್ಳೆಯ ಮಾತು ಮಾತ್ರ ಅಂಗಡಿಯಲ್ಲೇ ಉಳಿಯಿತು.

ಅದೇ ಮಧ್ಯಾಹ್ನ ಚಾನೆಲ್ಲಿಗೆ ಹೋದೆ. ಸ್ಟುಡಿಯೋ ಅಂದರೆ ಅರಮನೆ ಎಂದುಕೊಂಡಿದ್ದೆ. ನೋಡಿದರೆ ನನ್ನ ಗೋದಾಮಿನಷ್ಟು ಕೋಣೆ, ನೆಲದ ತುಂಬ ವೈರು, ಹಿಂದೆ ಮೈದಾನದ ಚಿತ್ರ ಅಂಟಿಸಿದ ಹಲಗೆ. ನಡುವೆ ಆ ಸೋಫಾ. ನೀಲಿ ರೆಕ್ಸಿನ್, ಹೊರಗಿನಿಂದ ಮದುಮಗನ ಹಾಗಿದೆ. ಯಾರೂ ನೋಡದಾಗ ಕೂತೆ. ಅಯ್ಯೋ! ಕೂತೆ ಅನ್ನುವುದಕ್ಕಿಂತ ಮುಳುಗಿದೆ. ಸೀಟಿನಡಿಯ ಪಟ್ಟಿಗಳೆಲ್ಲ ಜೋಲುಬಿದ್ದು, ಸ್ಪ್ರಿಂಗು ಸತ್ತು, ಮೊಣಕಾಲು ಬಂದು ಗಲ್ಲಕ್ಕೆ ತಾಗಿತು. ಹೊಟ್ಟೆ ಮಡಚಿಕೊಂಡು ಉಸಿರು ಅರ್ಧಕ್ಕೆ ನಿಂತಿತು. ಅಷ್ಟರಲ್ಲಿ ಮ್ಯಾನೇಜರ್ ಬಂದು, “ಯಾರ್ರೀ ನೀವು? ಸೋಫಾ ರಿಪೇರಿಯವರಾ?” ಎಂದರು.

ನನ್ನ ಬಾಯಿಂದ ತಾನಾಗಿ ಹೊರಟಿತು: “ಖಂಡಿತ.”

ರೋಗ ಸಿಕ್ಕಿತ್ತು! ಆ ಹಳ್ಳದಲ್ಲಿ ಬಿದ್ದವನಿಗೆ ಒಂದು ಪದಕ್ಕಿಂತ ಹೆಚ್ಚು ಉಸಿರು ಎಲ್ಲಿಂದ ಬರಬೇಕು? ಲೋಕದ ತಜ್ಞರೆಲ್ಲ ಮೆತ್ತನೆಯ ಸೋಫಾದಲ್ಲಿ ಕೂತಿದ್ದಾರೆ. ಫುಟ್‌ಬಾಲ್ ಹಾಳಾದದ್ದು ಫೋಮಿನಿಂದ!

ಪುಕ್ಕಟೆ ಮಾಡಿಕೊಡುತ್ತೇನೆ ಎಂದ ಮೇಲೆ ಮ್ಯಾನೇಜರ್ ತಾವೇ ಗಾಡಿ ಕರೆಸಿದರು. ಸೋಫಾ ಅಂಗಡಿಗೆ ಬಂತು. ಮದ್ದು ನನಗೆ ಗೊತ್ತಿತ್ತು. ಭಾವ ನಿಜ ಹೇಳುತ್ತಿದ್ದದ್ದು ನನ್ನ ಪೆಟ್ಟಿಗೆಯ ಮೇಲೆ ಕೂತು, ಆದ್ದರಿಂದ ಸೋಫಾವೇ ಪೆಟ್ಟಿಗೆಯಾಗಬೇಕು. ಫೋಮು ಕಿತ್ತೆಸೆದೆ, ಸ್ಪ್ರಿಂಗು ಬಿಚ್ಚಿದೆ, ಪೆಟ್ಟಿಗೆಯ ಎತ್ತರ ಅಳೆದು ದಪ್ಪ ಹಲಗೆ ಕೂರಿಸಿದೆ, ಮೇಲೆ ಬೆರಳು ದಪ್ಪದ ಮೆತ್ತೆ, ಅದರ ಮೇಲೆ ಅದೇ ನೀಲಿ ರೆಕ್ಸಿನ್. ಮೊಳೆ ಕಚ್ಚಿಕೊಂಡು ಹೊಡೆದೆ, ನಡುನಡುವೆ ನನ್ನ ಜಾಣತನವನ್ನು ಆಫ್‌ಸೈಡ್‌ನಿಗೆ ವಿವರಿಸುವಾಗ ಮಾತ್ರ ಮೊಳೆಗಳನ್ನು ಬಾಯಿಂದ ತೆಗೆದು ಅಲ್ಲೇ ಸೋಫಾದ ಮೇಲೆ ಇಡುತ್ತಿದ್ದೆ. ಶನಿವಾರ ಮಧ್ಯಾಹ್ನ ತಲುಪಿಸಿ ಬಂದೆ.

ಸಂಜೆ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಕ್ಕನೂ ಬಂದಿದ್ದಳು. ಹಾಫ್ ಟೈಮ್ ಆಯಿತು. ಭಾವ ಸೋಫಾದ ತುದಿಯಲ್ಲಿ ಗೂಟದ ಹಾಗೆ ನೆಟ್ಟಗೆ ಕೂತಿದ್ದರು.

“ನೋಡಿ, ನೋಡಿ, ಬೆನ್ನು ನೋಡಿ!” ಎಂದೆ.

ನಿರೂಪಕ ಕೇಳಿದ, “ಸರ್, ಈಗಿನ ಆಟದ ಮಟ್ಟ ಕುಸಿದಿದೆ ಅಂತ ಅಭಿಮಾನಿಗಳ ಕೊರಗು. ತಾವೇನಂತೀರಿ?”

ಭಾವ “ಖಂ...” ಎಂದು ಶುರು ಮಾಡಿ, ಆರಾಮಾಗಿ ಹಿಂದಕ್ಕೆ ಸರಿದು ಕೂತರು. ಸರಿದವರು “ಅಮ್ಮಾ!” ಎಂದು ಚಂಗನೆ ಎದ್ದು ನಿಂತರು.

ಸೋಫಾದಲ್ಲಿ ಒಂದು ಮೊಳೆ ಉಳಿದಿತ್ತು ಎಂದು ಹೊಟ್ಟೆಕಿಚ್ಚಿನವರು ಹೇಳುತ್ತಾರೆ. ಶುದ್ಧ ಸುಳ್ಳು. ಉಳಿದಿದ್ದರೆ ಬೇಕೆಂದೇ ಉಳಿಸಿರುತ್ತೇನೆ.

ಎದ್ದ ಭಾವ ಮತ್ತೆ ಕೂರಲಿಲ್ಲ. ಹಿಂಭಾಗ ಸವರಿಕೊಂಡು ನಿಂತರು. ನಿಂತ ಮೇಲೆ ಅವರ ಕಾಲುಗಳು ತಾವಾಗಿ ಅಗಲವಾದವು, ಮೊಣಕಾಲು ಚೂರು ಬಾಗಿತು. ಲೆಫ್ಟ್ ಬ್ಯಾಕ್ ನಿಲ್ಲುವುದು ಹಾಗೆ.

“ಕುಸಿದಿದೆ ಅಂದ್ರಾ? ಇಲ್ಲಿ ಬನ್ನಿ” ಎಂದು ನಿರೂಪಕನ ತೋಳು ಹಿಡಿದೆಳೆದರು. “ನೀವು ಎದುರಾಳಿ, ನನ್ನ ಮೇಲೆ ಓಡಿ ಬರ್ತಿದೀರಿ. ನಮ್ಮ ಕಾಲದಲ್ಲಿ ನಾನೇನು ಮಾಡ್ತಿದ್ದೆ ಗೊತ್ತಾ? ಕಣ್ಣು ಮುಚ್ಚಿ ಆಕಾಶಕ್ಕೆ ಒದೀತಿದ್ದೆ. ಜನ ಚಪ್ಪಾಳೆ ಹೊಡೀತಿದ್ರು. ಯಾಕೆ ಒದೀತಿದ್ದೆ? ಭಯ! ಚೆಂಡು ಕಾಲಲ್ಲಿ ಇಟ್ಕೊಳ್ಳೋಕೆ ಬರ್ತಿರ್ಲಿಲ್ಲ. ಮೈದಾನವೋ, ಉತ್ತ ಗದ್ದೆ. ಈಗ ಇವತ್ತು ಲೆಫ್ಟ್ ಬ್ಯಾಕ್ ಆಡ್ತಿರೋ ಈ ಹುಡುಗನ್ನ ನೋಡಿ, ಇಬ್ಬರು ಮೇಲೆ ಬಿದ್ರೂ ಹೆದರಲ್ಲ, ಕೀಪರ್‌ಗೆ ಕೊಟ್ಟು ಮತ್ತೆ ಇಸ್ಕೊಳ್ತಾನೆ. ಅದಕ್ಕೆ ಗುಂಡಿಗೆ ಬೇಕು. ನನಗಿರ್ಲಿಲ್ಲ.” ಸೋಫಾದ ಇನ್ನೊಂದು ತುದಿಯಲ್ಲಿ ಕೂತಿದ್ದ ಕೋಟಿನ ತಜ್ಞರನ್ನೂ ಎಬ್ಬಿಸಿ ಕೀಪರ್ ಜಾಗದಲ್ಲಿ ನಿಲ್ಲಿಸಿದರು. ನೀರಿನ ಲೋಟ ಚೆಂಡಾಯಿತು. “ಆದ್ರೆ ಒಂದು ಹಾಳಾಗಿದೆ. ಗಾಳಿ ತಾಗಿದ್ರೂ ಬಿದ್ದು ಒದ್ದಾಡ್ತಾರಲ್ಲ, ಅದು. ನಾವು ಕಾಲು ಮುರಿದ್ರೂ ನಾಚ್ಕೊಂಡು ಎದ್ದೇಳ್ತಿದ್ವಿ.”

ಔಷಧಿ ಮೇಡಂ ಚಪ್ಪಾಳೆ ಹೊಡೆದರು. ಆಫ್‌ಸೈಡ್ ನನ್ನನ್ನೇ ನೋಡುತ್ತಿದ್ದ.

“ಏನಯ್ಯಾ ಇದು? ನೀನು ಇಷ್ಟು ವರ್ಷ ಹೇಳಿದ್ದಕ್ಕೆ ಉಲ್ಟಾ ಹೇಳ್ತಿದಾರೆ!”

“ಸದ್ದು ಮಾಡಬೇಡ, ಕೇಳಿಸ್ಕೋ” ಎಂದೆ. ನನಗೂ ಅದೇ ಕೊರೆಯುತ್ತಿತ್ತು. ಹಾಗಾದರೆ ನನ್ನ ಪೆಟ್ಟಿಗೆಯ ಮೇಲೆ ಬಂದ ಅಷ್ಟೊಂದು ‘ಹೂಂ’ಗಳು ಏನು?

ಚಾನೆಲ್ಲಿನವರು ಭಾವನನ್ನು ಉಳಿಸಿಕೊಂಡರು. ಒಂದು ಷರತ್ತು, ಇನ್ನು ಮುಂದೆ ಅವರು ಕೂರಕೂಡದು. ಆ ಸೋಫಾ ಈಗ ಲೋಕಪ್ರಸಿದ್ಧ, ನಮ್ಮ ಬೀದಿಯ ಎರಡೂ ತುದಿಯವರೆಗೆ.

ಮುಂದಿನ ಪಂದ್ಯ ಬೇರೆ ಊರಿನ ಚಾನೆಲ್ಲಿನಲ್ಲಿ, ಭಾವನಿಗೆ ರಜೆ. ಸಂಜೆ ನಾನೊಂದು ಕುರ್ಚಿಗೆ ಬಟ್ಟೆ ಬಿಗಿಯುತ್ತಿದ್ದೆ. ಹೊರಗೆ ಶಿಳ್ಳೆ ಕೇಳಿಸಿತು. ಭಾವ ಚಪ್ಪಲಿ ಬಿಟ್ಟು ಒಳಗೆ ಬಂದು ಪೆಟ್ಟಿಗೆಯ ಮೇಲೆ ಕೂತರು, ಕೂರುವ ಮೊದಲು ಕೈಯಿಂದ ಚೆನ್ನಾಗಿ ಸವರಿ ನೋಡಿಕೊಂಡು. ಆಫ್‌ಸೈಡ್ ನೆಲ ನೋಡಿದ. “ಯಾಕಪ್ಪಾ, ಹುಲ್ಲು ಹಸಿರಾಗಿದೆಯಾ?” ಎಂದು ಭಾವ ಕೇಳಿದ ಮೇಲೆ ತಲೆ ಕೆರೆದುಕೊಂಡು ನಕ್ಕ.

ನನಗೆ ತಡೆಯಲಾಗಲಿಲ್ಲ. “ಭಾವ, ನಾನು ಇಲ್ಲಿ ಅಷ್ಟೆಲ್ಲ ಹೇಳ್ದಾಗ ನೀವು ‘ಹೂಂ’ ಅಂತಿದ್ರಲ್ಲ, ಒಪ್ಪಿ ತಾನೆ?”

“ನೀನು ಉಸಿರು ತಗೊಳ್ಳೋಕೆ ನಿಲ್ಲಿಸ್ತಿದ್ದೆ. ಆಗ ಏನಾದ್ರೂ ಅನ್ನಬೇಕಲ್ಲ ಮಾರಾಯ.”

ಅಂಗಡಿಯ ಮಾಡು ಹಾರಿಹೋಗುವಷ್ಟು ನಗು. ಹಾಫ್ ಟೈಮಿನ ಸೀಟಿ ಕೇಳಿಸಿತು. ತೆರೆಯ ಮೇಲೆ ಕೋಟು ಹಾಕಿದವರೊಬ್ಬರು ಮೆತ್ತನೆಯ ಸೋಫಾದಲ್ಲಿ ಮುಳುಗುತ್ತಿದ್ದರು. ಅಭ್ಯಾಸಬಲದಿಂದ ನಾನು ರಿಮೋಟಿಗೆ ಕೈ ಚಾಚಿದೆ.

“ಇರ್ಲಿ ಬಿಡು” ಎಂದರು ಭಾವ. “ಅವನೂ ಏನೋ ಹೇಳೋಕೆ ಒದ್ದಾಡ್ತಿದಾನೆ. ಕೇಳೋಣ.”

ಆಮೇಲೆ ಜೇಬಿನಿಂದ ಒಂದು ಮೊಳೆ ತೆಗೆದು ನನ್ನ ಅಂಗೈಯಲ್ಲಿಟ್ಟರು. “ಇದು ನಿಂದೇ ತಾನೆ?”

ನಾನು ಅದನ್ನು ತಿರುಗಿಸಿ ತಿರುಗಿಸಿ ನೋಡಿದೆ. ಚೆನ್ನಾದ ಮೊಳೆ, ತುದಿ ಒಂದಿಷ್ಟೂ ಮೊಂಡಾಗಿರಲಿಲ್ಲ. ಉಳಿದ ಮೊಳೆಗಳ ಜೊತೆ ಅದನ್ನೂ ತುಟಿಯ ನಡುವೆ ಕಚ್ಚಿಕೊಂಡು, ಸುತ್ತಿಗೆ ಕೆಳಗಿಟ್ಟು, ಆ ಕೋಟಿನವನು ಏನು ಹೇಳುತ್ತಾನೋ ಎಂದು ಕಿವಿಗೊಟ್ಟೆ.