ಎಡಗಡೆಯ ಸಬ್ಮಿಟ್ ಗುಂಡಿ

ಸುಹಾಸನ ಮಟ್ಟಿಗೆ ವೆಬ್‌ಸೈಟ್ ಎಂದರೆ ಬಣ್ಣ. ಜೋಗೇಶ್ವರಿಯಲ್ಲಿ ವೆಬ್‌ಸೈಟ್ ಮಾಡುವ ನಮ್ಮ ಪುಟ್ಟ ಆಫೀಸಿನ ಮಾಲೀಕ ಅವನು, ಕೋಡ್ ಬರೆಯುವವಳು ನಾನು. ಹೊಸ ಕೆಲಸ ಬಂದರೆ ಹಳೆಯ ಗಿರಾಕಿಯ ಪುಟವನ್ನೇ ಎತ್ತಿ ಅಂಟಿಸಿ, ಕಣ್ಣಿಗೆ ಬೀಳುವಷ್ಟನ್ನು ಮಾತ್ರ ಬದಲಿಸುತ್ತಾನೆ. ವಿಲೆ ಪಾರ್ಲೆಯ ಕಾಲೇಜೊಂದರ ಪ್ರವೇಶ ಅರ್ಜಿಯೂ ಹಾಗೆಯೇ ಹುಟ್ಟಿತ್ತು. ಪುಟದ ಮೇಲೆ ಕಾಣದಿದ್ದರೂ ಕಣ್ಣಿಲ್ಲದವರಿಗೆ ಫೋನ್ ಓದಿ ಹೇಳುವ, ಗುಂಡಿಗಳ ಒಳಗಿನ ಹೆಸರುಗಳನ್ನು ತಿದ್ದೋಣವೆಂದು ಎರಡು ಸಲ ಹೇಳಿದ್ದೆ.

"ಅಂಥವ್ರು ಎಷ್ಟ್ ಮಂದಿ ಬರ್ತಾರ? ಚೆಂದ ಕಾಣ್ತದಲ್ಲ, ಬಸ್!" ಎಂದಿದ್ದ.

ಅರ್ಜಿಯ ಕೊನೆಯ ದಿನ ಸಂಜೆ ನಾಲ್ಕೂವರೆಗೆ ಗುಲಾಫಶಾಳ ಫೋನ್ ಬಂತು. ಕುರ್ಲಾದ ಚಾಳಿನಲ್ಲಿ, ಅಂದರೆ ವಠಾರದಲ್ಲಿ, ನಮ್ಮ ಪಕ್ಕದ ಮನೆಯ ಹುಡುಗಿ, ಹುಟ್ಟಿನಿಂದ ದೃಷ್ಟಿಯಿಲ್ಲ. ಐದಕ್ಕೆ ಅರ್ಜಿ ಮುಚ್ಚಿದರೆ ಅವಳಿಗೆ ಈ ವರ್ಷ ಕಾಲೇಜಿಲ್ಲ.

"ಶಿವಕ್ಕಾ, ಎಲ್ಲಾ ತುಂಬೀನ್ರೀ. ಕಡೀಕ ಎರಡು ಗುಂಡಿ ಅದಾವ. ಎರಡಕ್ಕೂ ಫೋನು ‘ಬುಕ್ ಮ್ಯಾರೇಜ್ ಹಾಲ್’ ಅಂತದ. ನಂಗ ಸೀಟ್ ಬೇಕ್ರೀ, ಶಾದಿ ಅಲ್ಲ!"

ಪುಟ ತೆರೆದೆ. ಎಡಕ್ಕೆ ‘ಸಬ್ಮಿಟ್’, ಬಲಕ್ಕೆ ‘ಕ್ಲಿಯರ್’. ಒಳಗಿನ ಹೆಸರು ಮಾತ್ರ ಹೋದ ವರ್ಷದ ಮದುವೆ ಹಾಲಿನದು.

"ಮೊದಲನೇದು ಒತ್ತವ್ವಾ."

ಒತ್ತಿದಳು. ತುಂಬಿದ್ದೆಲ್ಲ ಅಳಿಸಿಹೋಯಿತು.

ಪುಟದ ಅಂದವನ್ನಷ್ಟೇ ನಿರ್ಧರಿಸುವ ಸ್ಟೈಲ್ ಫೈಲಿನಲ್ಲಿ ಸುಹಾಸ ಎಡಬಲವನ್ನು ತಿರುವಿ ಹಾಕಿದ್ದ, ಚೆಂದಕ್ಕೆ. ಪುಟದ ಮೂಲದಲ್ಲಿ ‘ಕ್ಲಿಯರ್’ ಮೊದಲಿತ್ತು. ಫೋನ್ ಓದುವುದು ಆ ಕ್ರಮದಲ್ಲಿ. ಇದೆಲ್ಲ ಗೊತ್ತಿದ್ದ ನಾನೂ ಕಣ್ಣಿಗೆ ಕಂಡದ್ದನ್ನೇ ಹೇಳಿದ್ದೆ. ಅವನಿಗಿಂತ ನಾನೇನು ಮೇಲು?

"ಐದು ನಿಮಿಷ ತಡಿ. ಪುಟ ಮತ್ತ ತೆಗೆದು ತುಂಬು."

ಯಾರನ್ನೂ ಕೇಳದೆ ಎರಡು ಗುಂಡಿಗೂ ಅವುಗಳದೇ ಹೆಸರು ಕೊಟ್ಟೆ, ತಿರುವು ತೆಗೆದೆ, ಸೈಟಿಗೆ ಏರಿಸಿದೆ. ಸುಹಾಸ ಬೆನ್ನ ಹಿಂದೆ ಬಂದು ನಿಂತ.

"ಲೈವ್ ಸೈಟಿಗೆ ಕೈ ಹಚ್ಚಾಕ ಯಾರ್ ಹೇಳಿದ್ರು? ಡಿಸೈನ್ ಕೆಡಿಸಿದ್ರಿ!"

ನಾನು ತಿರುಗಲಿಲ್ಲ. ಸ್ಪೀಕರಿಗೆ ಹಾಕಿದ್ದ ಫೋನಿನಲ್ಲಿ ಗುಲಾಫಶಾ ಹುಟ್ಟಿದ ತಾರೀಖನ್ನು ತನಗೆ ತಾನೇ ಹೇಳಿಕೊಳ್ಳುತ್ತ ತುಂಬುತ್ತಿದ್ದಳು. ಐದಕ್ಕೆ ಎರಡು ನಿಮಿಷವಿತ್ತು.

"ಈಗ ಸಬ್ಮಿಟ್ ಅಂತದ್ರೀ... ಅಕ್ಕಾ, ಅರ್ಜಿ ನಂಬರ್ ಬಂತು!"

ಸುಹಾಸ ಅದನ್ನೂ ಕೇಳಿಸಿಕೊಂಡ. ಹತ್ತು ನಿಮಿಷದಲ್ಲಿ ಕಾಲೇಜಿಗೆ ಫೋನ್ ಹಚ್ಚಿ, ಅಂಧ ವಿದ್ಯಾರ್ಥಿಗಳಿಗೆಂದು ತನ್ನ ಕಂಪನಿ ವಿಶೇಷ ಸೌಲಭ್ಯ ಮಾಡಿದೆ ಎಂದು ನನ್ನೆದುರಿಗೇ ಕೊಚ್ಚಿಕೊಂಡ. ಏನು ಸೌಲಭ್ಯ ಎಂದು ಅವರು ಕೇಳಿರಬೇಕು. ಫೋನಿಗೆ ಅಂಗೈ ಮುಚ್ಚಿ ನನ್ನ ಕಡೆ ಬಾಗಿದ.

"ಶಿವಕುಮಾರಿ, ನೀವ್ ಮಾಡಿದ್ದಕ್ಕ ಏನಂತಾರ?"

"ತಪ್ಪು ತಿದ್ದೋದು ಅಂತಾರ್ರೀ," ಎಂದೆ.