ನಕ್ಷೆಗೆ ಬಾರದ ಕುಳಿ

ಸಭೆಗೆ ಹನ್ನೊಂದು ದೋಣಿಯವರೂ ಬಂದಿದ್ದರು. ಅಷ್ಟಕ್ಕೇ ನನಗೆ ಅನುಮಾನ ಬರಬೇಕಿತ್ತು. ನಮ್ಮ ದ್ವೀಪದ ಮೀನುಗಾರರು ಯಾವ ಸಭೆಗೂ ಪೂರ್ತಿಯಾಗಿ ಬಂದವರಲ್ಲ. ಬಂದರೂ ಬಾಗಿಲ ಬಳಿ ನಿಂತು, ಚಹಾ ಮುಗಿಯುತ್ತಲೇ ಹೊರಟುಬಿಡುತ್ತಾರೆ.

ಜಲಸಂಧಿಯ ತಳದಲ್ಲಿ, ಉಬ್ಬರವಿಳಿತದ ಸೆಳವಿಗೆ ತಿರುಗುವ ಹನ್ನೆರಡು ಟರ್ಬೈನುಗಳನ್ನು ಕೂರಿಸುವುದು ಒಂದು ವಿದ್ಯುತ್ ಕಂಪನಿಯ ಯೋಜನೆ. ಅಲ್ಲಿಂದ ಒಂದು ಕೇಬಲ್ ದಡಕ್ಕೆ ಬರಬೇಕು. ಇದರಿಂದ ಕಡಲಿಗೂ ಕಡಲನ್ನು ನಂಬಿದವರಿಗೂ ಏನಾಗುತ್ತದೆ ಎಂಬ ವರದಿ ಮೊದಲು ತಯಾರಾಗಬೇಕು. ಅದಕ್ಕೆ ಊರವರ ಮಾತು ಕೇಳಬೇಕು. ಕೇಳಿ ಬರೆದುಕೊಳ್ಳುವ ಕೆಲಸಕ್ಕೆ ವಾರದಲ್ಲಿ ಮೂರು ದಿನ ನನ್ನನ್ನು ಇಟ್ಟುಕೊಂಡಿದ್ದರು. ಅದಕ್ಕೆ ಮೊದಲು ನಾನು ಇಲ್ಲಿನ ಶಾಲೆಯಲ್ಲಿ ಗುಮಾಸ್ತೆಯಾಗಿದ್ದೆ. ಮಕ್ಕಳು ನಾಲ್ಕಕ್ಕಿಳಿದ ಮೇಲೆ ಶಾಲೆ ಮುಚ್ಚಿತು.

ಮೇಜಿನ ಮೇಲೆ ಜಲಸಂಧಿಯ ದೊಡ್ಡ ನಕ್ಷೆ ಹರಡಿದ್ದೆವು. ಸಣ್ಣ ದೋಣಿಗಳು ಎಲ್ಲಿ ಹೋಗುತ್ತವೆ ಎಂದು ಯಾವ ಉಪಗ್ರಹವೂ ದಾಖಲಿಸುವುದಿಲ್ಲ. ಆದ್ದರಿಂದ ಅವರವರೇ ಬಂದು ತಾವು ಲಾಬ್‌ಸ್ಟರ್ ಹಿಡಿಯುವ ಬೋನು ಇಳಿಸುವ ಜಾಗವನ್ನು ಬಣ್ಣದ ಪೆನ್ನಿನಿಂದ ಗುರುತು ಮಾಡಬೇಕಿತ್ತು. ಅಬರ್ಡೀನ್‌ನಿಂದ ವರದಿ ಬರೆಯಲು ಬಂದಿದ್ದ ಕಡಲಜೀವಿ ತಜ್ಞೆ ಎಲ್ಸ್‌ಪೆತ್ ಪಕ್ಕದಲ್ಲೇ ನಿಂತಿದ್ದಳು.

ನನ್ನ ಸೋದರಮಾವ ಸಿಗರ್ಡ್ ಡ್ರೀವರ್ ಎಲ್ಲರಿಗಿಂತ ಮೊದಲು ಎದ್ದ. ಎಪ್ಪತ್ತೊಂದರ ಮನುಷ್ಯ, ಐವತ್ತು ವರ್ಷದಿಂದ ಲಾಬ್‌ಸ್ಟರ್ ಹಿಡಿಯುತ್ತಿರುವವನು. ನಾನೇ ಕಳಿಸಿದ್ದ ಆಹ್ವಾನಪತ್ರವನ್ನು ಜೇಬಿನಿಂದ ತೆಗೆದು ತೋರಿಸಿದ.

"'ಮಾನ್ಯ ಹಿತಾಸಕ್ತರೇ' ಅಂತ ಬರೆದಿದ್ದೀಯ. ನಾನು ಯಾವಾಗಿಂದ ಹಿತಾಸಕ್ತ ಆದೆ, ರೂನಾ?"

"ಎಲ್ಲರಿಗೂ ಹಾಗೇ ಬರೆಯೋದು, ಮಾವ. ಪೆನ್ ತಗೋ."

ಅವನು ಹಸಿರು ಪೆನ್ನು ಆರಿಸಿಕೊಂಡು, ಬಂದರಿನ ಬಾಯಿಯಲ್ಲಿ ಪಟ್ಟಣದ ಹಡಗು ದಿನಕ್ಕೆರಡು ಸಲ ಹಾದುಹೋಗುವ, ಯಾರೂ ಬೋನು ಇಳಿಸದ ಕಡೆ, ದೊಡ್ಡದೊಂದು ಸುತ್ತು ಹಾಕಿ ಹೋಗಿ ಕುಳಿತ. ಆಮೇಲೆ ಒಬ್ಬೊಬ್ಬರೇ ಬಂದರು. ಅರ್ಧ ಗಂಟೆಯಲ್ಲಿ ನಕ್ಷೆಯ ಉತ್ತರ ಭಾಗ ಬಣ್ಣದಿಂದ ತುಂಬಿಹೋಯಿತು. ದಕ್ಷಿಣದಲ್ಲಿ ಒಂದು ಚುಕ್ಕೆಯೂ ಬೀಳಲಿಲ್ಲ.

ಎಲ್ಸ್‌ಪೆತ್ ಬಣ್ಣ ತುಂಬಿದ ಕಡೆ ಬೆರಳಿಟ್ಟಳು. "ಇದೆಲ್ಲ ಬರೀ ಮರಳು ಅಲ್ವಾ, ಬಂಡೆ ಎಲ್ಲಿದೆ? ಮರಳಲ್ಲಿ ಲಾಬ್‌ಸ್ಟರ್ ಇರುತ್ತಾ?"

"ನಮ್ಮ ಕಡೆಯವು ಸ್ವಲ್ಪ ಬೇರೆ ಥರ," ಎಂದ ಎರ್ಲೆಂಡ್ ಫ್ಲೆಟ್, ಚೀಸ್ ಹಚ್ಚಿದ ರೊಟ್ಟಿ ಅಗಿಯುತ್ತ. ಯಾರೂ ನಗಲಿಲ್ಲ. ಅದರಿಂದಲೇ ಎಲ್ಲರೂ ನಗುತ್ತಿದ್ದಾರೆಂದು ನನಗೆ ತಿಳಿಯಿತು.

ಆ ನಕ್ಷೆಯ ಆಧಾರದ ಮೇಲೆ ಕರಡು ವರದಿ ಬಂತು. ಕೇಬಲ್ ದಕ್ಷಿಣದ ದಾರಿಯಲ್ಲಿ ಬರುತ್ತದೆ. ಅಲ್ಲಿ ಹೇಳಿಕೊಳ್ಳುವಂಥ ಮೀನುಗಾರಿಕೆ ಇಲ್ಲ. ಈ ವಾಕ್ಯವನ್ನು ಟೈಪು ಮಾಡಿದವಳು ನಾನೇ. ಅದು ಸುಳ್ಳೆಂದು ನನಗೆ ಗೊತ್ತಿತ್ತು.

ಹದಿಮೂರು ವರ್ಷದ ಹಿಂದೆ ಮಾವನ ಮಂಡಿಗೆ ಶಸ್ತ್ರಚಿಕಿತ್ಸೆಯಾದ ಬೇಸಿಗೆಯಲ್ಲಿ ನಾನು ಅವನ ದೋಣಿಯಲ್ಲಿ ದುಡಿದಿದ್ದೆ. ಇಗರ್ಜಿಯ ಗೋಡೆಯ ತುದಿ ಮತ್ತು ಗುಡ್ಡದ ಮೇಲಿನ ನಿಲುಗಲ್ಲು ಒಂದೇ ಗೆರೆಗೆ ಬರುವ ಕಡೆ ಅವನು ಎಂಜಿನ್ ನಿಲ್ಲಿಸುತ್ತಿದ್ದ. ದಕ್ಷಿಣದ ಆ ನೀರಿನ ಕೆಳಗೆ ಬಂಡೆಗಳ ನಡುವೆ ಒಂದು ಕುಳಿ. ಅಲ್ಲಿಂದ ಮೇಲೆ ಬಂದ ಬೋನು ಖಾಲಿ ಇದ್ದದ್ದು ನಾನು ನೋಡಿಲ್ಲ. ಮೊದಲ ದಿನವೇ ಅವನು ನನ್ನಿಂದ ಮಾತು ತೆಗೆದುಕೊಂಡಿದ್ದ: ಗಂಡನಿಗೂ ಹೇಳಬಾರದು. ಕೆಲವು ವರ್ಷಗಳ ಮೇಲೆ ನಾನೂ ಗಂಡನೂ ಬೇರೆಯಾದೆವು. ಆಗಲೂ ನಾನು ಹೇಳಿರಲಿಲ್ಲ.

ಕೇಬಲ್ ಆ ಕುಳಿಯ ನಡುವೆಯೇ ಹಾದುಹೋಗುತ್ತಿತ್ತು. ಒಮ್ಮೆ ಹಾಕಿದರೆ ಅದರ ಆಚೀಚೆ ಯಾರೂ ಬೋನು ಇಳಿಸುವಂತಿಲ್ಲ. ಆಕ್ಷೇಪಣೆಗೆ ಮೂವತ್ತು ದಿನ ಇತ್ತು. ಹತ್ತು ದಿನ ಕಾದೆ. ಯಾರೂ ಬಾಯಿ ಬಿಡಲಿಲ್ಲ. ಭಾನುವಾರ ಮಧ್ಯಾಹ್ನ ಮಾವನ ಕೊಟ್ಟಿಗೆಗೆ ಹೋದೆ. ಬೋನಿನ ಹರಿದ ಬಲೆಯನ್ನು ಹೆಣೆಯುತ್ತ ಕೂತಿದ್ದ.

"ಕೇಬಲ್ ಎಲ್ಲಿ ಬರುತ್ತೆ ನೋಡಿದ್ಯಾ, ಮಾವ?"

"ನೋಡ್ದೆ."

"ಮತ್ತೆ?"

"ಮತ್ತೇನು. ನಕ್ಷೆ ಮೇಲೆ ಬರೆದ್ರೆ ಬಂದರಿನ ಗೋಡೆ ಮೇಲೆ ಬರೆದ ಹಾಗೆ. ನಾಳೆ ಬೆಳಿಗ್ಗೆ ಹನ್ನೊಂದು ದೋಣೀನೂ ಅಲ್ಲೇ ಇರ್ತವೆ."

"ಬರೀದೇ ಇದ್ರೆ ಜಾಗಾನೇ ಹೋಗುತ್ತಲ್ಲ."

"ಹೋದ್ರೆ ಕಂಪನಿಯಿಂದ ಹೋಯ್ತು. ನನ್ನ ಬಾಯಿಂದ ಹೋಗಲಿಲ್ಲ." ತಲೆ ಎತ್ತದೆ ಕೇಳಿದ, "ನೀನು ಹೇಳಿಬಿಡ್ತೀಯಾ?"

"ನಾನು ಮಾತು ಕೊಟ್ಟಿದ್ದೀನಿ."

"ಕೊಟ್ಟಿದ್ದೀಯ."

"ಅದಕ್ಕೇ ಇಲ್ಲಿಗೆ ಬಂದೆ. ಇಲ್ಲದಿದ್ರೆ ಸೀದಾ ಆಫೀಸಿಗೆ ಹೋಗ್ತಿದ್ದೆ."

ಅವನು ಸೂಜಿ ಕೆಳಗಿಟ್ಟು ನನ್ನ ಮುಖ ನೋಡಿದ. ಕೋಪವೇನೂ ಇರಲಿಲ್ಲ. ಒಂದೇ ದಿನದಲ್ಲಿ ವಯಸ್ಸಾದವನಂತೆ ಕಂಡ. "ನಿನಗೂ ಕಷ್ಟ ತಂದಿಟ್ಟೆ," ಎಂದ.

ಮನೆಗೆ ನಡೆದು ಬರುವಾಗ ನನಗೆ ನನ್ನ ಮೇಲೇ ಸಿಟ್ಟು ಬಂತು. ಮೀನುಗಾರರ ಬದುಕಿನಲ್ಲಿ ಬಚ್ಚಿಟ್ಟದ್ದು ಅಂತ ಇರುವುದೇ ಅದೊಂದು. ಅದನ್ನು ತುಂಬಿದ ಸಭೆಯಲ್ಲಿ, ಒಬ್ಬರ ಮುಂದೊಬ್ಬರು, ಬಣ್ಣದ ಪೆನ್ನಿನಲ್ಲಿ ಬರೆಯಿರಿ ಎಂದಿದ್ದೆವು. ಅವರು ಸುಳ್ಳು ಹೇಳಿದ್ದು ನಿಜ. ಆದರೆ ನಾವು ಕೇಳಿದ ರೀತಿಗೆ ಬೇರೆ ಉತ್ತರವೇ ಇರಲಿಲ್ಲ.

ಮರುದಿನ ಎಲ್ಸ್‌ಪೆತ್‌ಗೆ ಫೋನು ಮಾಡಿದೆ. ಪ್ರತಿಯೊಬ್ಬರಿಗೂ ಒಂದು ಚಿಕ್ಕ ನಕ್ಷೆ ಕೊಡೋಣ, ಹೆಸರಿಲ್ಲದೆ ಗುರುತು ಮಾಡಿ ಲಕೋಟೆಯಲ್ಲಿ ಕೊಡಲಿ ಎಂದೆ. ಕಂಪನಿಗೆ ಹೋಗುವ ನಕ್ಷೆಯಲ್ಲಿ ಜಾಗದ ಗುರುತು ಇರುವುದಿಲ್ಲ, ಮೈಲಿ ಅಗಲದ ಚೌಕಗಳಷ್ಟೇ. ಯಾವ ಚೌಕದಲ್ಲಿ ಎಷ್ಟು ಬೋನು ಎಂಬುದಷ್ಟೇ.

"ಚೌಕ ಸಾಕು ನನಗೆ," ಎಂದಳು ಅವಳು. "ಮೊದಲೇ ಹೀಗೆ ಮಾಡಬೇಕಿತ್ತು. ಆ ಮರಳು ನೋಡಿದಾಗಲೇ ನನಗೆ ಹೊಳೀಬೇಕಿತ್ತು. ಲಕೋಟೆ ತೆರೆಯೋರು ಯಾರು?"

ಅದೇ ಪ್ರಶ್ನೆಯನ್ನು ಬಂದರಿನಲ್ಲಿ ಮೀನುಗಾರರ ಮುಂದಿಟ್ಟೆ. ಕಂಪನಿ ಬೇಡ ಎಂದರು. ಅಬರ್ಡೀನಿನವಳೂ ಬೇಡ. ಪಾದ್ರಿಯ ಹೆಸರು ಬಂತು. ಅವರ ಭಾವಮೈದನಿಗೆ ದೋಣಿ ಇದೆ ಎಂದು ಬಿದ್ದುಹೋಯಿತು. ಕೊನೆಗೆ ಎರ್ಲೆಂಡ್ ಬಾಯಿ ತೆರೆದ. ಅವನಿಗೂ ನನ್ನ ಮಾವನಿಗೂ ಯಾವುದೋ ಕಾಲದ ಜಗಳ. ಇಬ್ಬರೂ ಹವಾಮಾನ ಬಿಟ್ಟು ಬೇರೇನೂ ಮಾತಾಡಿಕೊಳ್ಳುವುದಿಲ್ಲ.

"ರೂನಾ ತೆರೀಲಿ."

"ಅವಳು ಸಿಗರ್ಡ್‌ನ ಅಕ್ಕನ ಮಗಳು ಕಣಯ್ಯ," ಎಂದರು ಯಾರೋ.

"ಗೊತ್ತು. ಸಿಗರ್ಡ್ ನಲವತ್ತು ವರ್ಷದಲ್ಲಿ ಒಂದು ಮಾತು ಹೊರಗೆ ಹಾಕಿದ್ದು ನೀನು ಕೇಳಿದ್ದೀಯಾ? ಆ ಮನೆಯವಳು ಅಂದ್ರೆ ನನಗೆ ಸಾಕು."

ಮಾವ ದೋಣಿಯ ಹಗ್ಗ ಸುತ್ತುತ್ತ ಬೆನ್ನು ತಿರುಗಿಸಿ ನಿಂತಿದ್ದ. ತಿರುಗಿ ನೋಡಲಿಲ್ಲ.

ಒಂದು ಮಂಗಳವಾರ ಬೆಳಿಗ್ಗೆ, ಮುಚ್ಚಿದ ಶಾಲೆಯ ಕೋಣೆಯಲ್ಲಿ ಒಬ್ಬಳೇ ಕೂತು ಹನ್ನೊಂದು ಲಕೋಟೆಗಳನ್ನು ಬಿಡಿಸಿದೆ. ಹೆಸರಿರಲಿಲ್ಲ, ಆದರೆ ಶಾಲೆಯ ಅರ್ಜಿಗಳಲ್ಲಿ ಆ ಕೈಬರಹಗಳನ್ನೆಲ್ಲ ನಾನು ಓದಿದ್ದೆ. ನಾಲ್ಕನೆಯದು ಮಾವನದು. ಪೆನ್ಸಿಲಿನಲ್ಲಿ ಅದೇ ಕುಳಿ, ಪಕ್ಕದಲ್ಲಿ "ಮೇ ತಿಂಗಳಿಂದ ಆಗಸ್ಟ್". ಕೊನೆಗೂ ಬರೆದಿದ್ದ. ಆರನೆಯದರಲ್ಲೂ ಅದೇ ಕುಳಿ.

ನಾನೇ ತಪ್ಪು ನೋಡುತ್ತಿದ್ದೇನೆಂದುಕೊಂಡು ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದೆ. ಗುರುತಿನ ಮೇಲೆ ಗುರುತು ಕೂತಿತು. ಅದು ಥೋರಾ ರೆಂಡಲ್‌ಳ ಬರಹ. ಗಂಡ ತೀರಿಕೊಂಡ ಮೇಲೆ ಅವನ ದೋಣಿಯನ್ನು ತಾನೇ ನಡೆಸುತ್ತಿರುವವಳು. "ಏಪ್ರಿಲ್ ಮಾತ್ರ. ನಮ್ಮವರು ತೋರಿಸಿದ ಜಾಗ," ಎಂದು ಬರೆದಿದ್ದಳು. ಒಂಬತ್ತನೆಯದು ಎರ್ಲೆಂಡ್‌ನದು. ಮತ್ತೆ ಅದೇ ಕುಳಿ. "ಸೆಪ್ಟೆಂಬರಿನಿಂದ ಮುಂದೆ. ಬೇಸಿಗೆಯಲ್ಲಿ ಅಲ್ಲಿ ಬೇರೊಬ್ಬರ ಬೋನುಗಳಿರುತ್ತವೆ. ನಾನು ಆಗ ಹೋಗುವುದಿಲ್ಲ."

ಮೊದಲು ನಗು ಬಂತು. ಖಾಲಿ ಕೋಣೆಯಲ್ಲಿ ಒಬ್ಬಳೇ ಜೋರಾಗಿ ನಕ್ಕೆ. ಆಮೇಲೆ ಆ ಕಾಗದವನ್ನು ಇನ್ನೊಮ್ಮೆ ಓದಿದಾಗ ನಗು ನಿಂತಿತು. ಮೂವರೂ ವರ್ಷಗಟ್ಟಲೆ, ಯಾರಿಗೂ ಹೇಳದೆ, ಅದೇ ನೀರಿನ ಮೇಲೆ ಎಂಜಿನ್ ನಿಲ್ಲಿಸಿದ್ದರು. ಅಲ್ಲಿ ಬೇರೆಯವರೂ ಇದ್ದಾರೆಂದು ಎರ್ಲೆಂಡ್ ಒಬ್ಬನಿಗೆ ಗೊತ್ತಿದ್ದಂತಿತ್ತು. ಅವನು ದಾರಿ ಬಿಟ್ಟುಕೊಟ್ಟು ಸುಮ್ಮನಿದ್ದ. ಈಗ ನನಗೆ ಗೊತ್ತು. ಅದನ್ನು ಯಾರಿಗೂ ಹೇಳುವಂತಿಲ್ಲ.

ಚೌಕಗಳ ನಕ್ಷೆ ಮಾಡಿ ಕಳಿಸಿದೆ. ಬೋನು ಹೆಚ್ಚಿದ್ದಷ್ಟೂ ಬಣ್ಣ ಗಾಢ; ದಕ್ಷಿಣದ ಆ ಒಂದು ಚೌಕ ಜಲಸಂಧಿಯಲ್ಲೇ ಎಲ್ಲಕ್ಕಿಂತ ಕಡುಗೆಂಪು. ಒಪ್ಪಂದದಂತೆ ಲಕೋಟೆಗಳನ್ನು ಹನ್ನೊಂದು ಜನರ ಎದುರಿಗೇ ಬಂದರಿನ ಒಲೆಯಲ್ಲಿ ಸುಟ್ಟೆ.

ಕಂಪನಿ ಐದು ತಿಂಗಳು ತೆಗೆದುಕೊಂಡು ಕೇಬಲನ್ನು ಪಶ್ಚಿಮಕ್ಕೆ ಸರಿಸಿತು. ಅಲ್ಲಿ ಮರಿಮೀನುಗಳಿಗೆ ಆಸರೆಯಾಗುವ ಕಡಲಹುಲ್ಲು ಬೆಳೆಯುವ ಪುಟ್ಟ ಕೊಲ್ಲಿಯಿದೆ. ಎಲ್ಸ್‌ಪೆತ್ ದಾರಿಯನ್ನು ಆದಷ್ಟು ಅಂಚಿಗೆ ತಳ್ಳಿಸಿದಳು; ಆದರೂ ಒಂದು ಪಟ್ಟಿ ಹುಲ್ಲನ್ನು ಕಿತ್ತು ಬೇರೆಡೆ ನೆಡಬೇಕಾಯಿತು. ಅರ್ಧ ಉಳಿಯಿತು, ಅರ್ಧ ಕೊಳೆಯಿತು. "ಹುಲ್ಲಿಗೆ ಲಕೋಟೆ ಕೊಡೋಕೆ ಬರಲ್ಲವಲ್ಲ," ಎಂದಳು ಒಮ್ಮೆ, ತಮಾಷೆಯ ದನಿಯಲ್ಲಿ. ಅವಳ ಮುಖದಲ್ಲಿ ತಮಾಷೆ ಇರಲಿಲ್ಲ.

ಹೊಸ ದಾರಿಯ ಸುದ್ದಿ ಬಂದ ವಾರ ಮಾವ ಮನೆಗೆ ಬಂದ. ಚಹಾ ಕುಡಿದು ಮುಗಿಸಿ ಮಾತು ತೆಗೆದ.

"ಒಂದು ದೋಣಿಗೋಸ್ಕರ ಅವರು ಕೇಬಲ್ ಸರಿಸಲ್ಲ."

"ಅದರ ಬಗ್ಗೆ ನಾನು ಮಾತಾಡೋ ಹಾಗಿಲ್ಲ, ಮಾವ."

"ಮಾತಾಡಬೇಡ. ನಾನು ಹೇಳ್ತೀನಿ, ಕೇಳು. ಆರು ವರ್ಷದ ಹಿಂದೆ, ಚಂಡಮಾರುತಕ್ಕೆ ನನ್ನವು ನಾಲ್ಕು ಬೋನು ಕಳಚಿಕೊಂಡು ಹೋದವು ಅಂತ ಬಿಟ್ಟುಬಿಟ್ಟಿದ್ದೆ. ಮುಂದಿನ ಮೇ ತಿಂಗಳಲ್ಲಿ ಹೋದ್ರೆ ನಾಲ್ಕೂ ಕುಳೀಲೇ ಇದ್ವು. ಹಗ್ಗಕ್ಕೆ ಹೊಸ ತುಂಡು ಸೇರಿಸಿ ಗಂಟು ಹಾಕಿದ್ರು. ನಾನು ಹಾಕೋ ಗಂಟಲ್ಲ ಅದು. ಎರ್ಲೆಂಡ್ ಎಡಗೈಯವನು, ಅವನ ಗಂಟು ತಿರುವುಮುರುವು."

"ಅವನಿಗೆ ಏನೂ ಹೇಳಲಿಲ್ವಾ?"

"ಏನಂತ ಹೇಳಲಿ? ಹೇಳಿದ್ರೆ ಜಾಗದ ಮಾತು ಬರುತ್ತೆ. ಸೆಪ್ಟೆಂಬರಿಗೆ ಒಂದು ವಾರ ಮುಂಚೆನೇ ಬೋನು ಎತ್ತೋಕೆ ಶುರುಮಾಡ್ದೆ, ಅಷ್ಟೆ." ಟೋಪಿ ಹಾಕಿಕೊಂಡು ಎದ್ದ. "ಅವನು ಇದ್ದಾನೆ ಅಂತ ಗೊತ್ತು. ಇನ್ನೂ ಯಾರಾದ್ರೂ ಇದ್ರೆ ಅದು ನನಗೆ ಬೇಡ."

ಮಾರ್ಚ್ ಕೊನೆಯಲ್ಲಿ ಅಂಗಡಿಯ ಮುಂದೆ ಥೋರಾ ನನ್ನನ್ನು ತಡೆದಳು. ಆಚೀಚೆ ನೋಡಿ, ದನಿ ತಗ್ಗಿಸಿ ಕೇಳಿದಳು, "ರೂನಾ, ನಮ್ಮವರ ಆ ಜಾಗ... ಅಲ್ಲಿ ನಾನೊಬ್ಬಳೇ ತಾನೆ?"

"ಥೋರಕ್ಕ, ಏಪ್ರಿಲ್ ಬಂತು," ಎಂದೆ. "ಬೋನು ರೆಡಿ ಮಾಡ್ಕೋ."

ಅವಳು ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಬಂದರಿನ ಕಡೆ ಇಳಿದು ಹೋದಳು.